1000 ಗಂಟೆ ಝೆನಾನ್ ಟೆಸ್ಟ್ ಅಂದರೆ ನಮ್ಮ ಮಳೆಗೆ ಎಷ್ಟು ವರ್ಷ?

ಅಡಿಕೆ ಅಂಗಳ, ತೀರ್ಥಹಳ್ಳಿ:
ಎರಡು ವರ್ಷದ ಹಿಂದೆ ಕಾರಿನ ಬಂಪರ್ ಒಡೆದು, ಶಿವಮೊಗ್ಗದ ಒಂದು ಅಂಗಡಿಯಿಂದ ಬೇರೆ ತಂದು ಹಾಕಿಸಿದೆ. ಬಣ್ಣ ಹೊಡೆಯದ ಕಪ್ಪು ಪ್ಲಾಸ್ಟಿಕ್ಕಿನದು. ರಟ್ಟಿನ ಮೇಲೆ "1000 ಗಂಟೆ ಝೆನಾನ್ ಟೆಸ್ಟ್ ಪಾಸ್" ಅಂತ ದೊಡ್ಡದಾಗಿ ಇತ್ತು. ಈಗ ಬೂದಿ ಬಳಿದ ಹಾಗಿದೆ. ನಮ್ಮ ಕಾರಿಗೆ ಶೆಡ್ ಇಲ್ಲ, ಅಂಗಳದ ಬದಿಯಲ್ಲೇ ನಿಲ್ಲುವುದು. ಜೂನ್‌ನಿಂದ ಸೆಪ್ಟೆಂಬರ್ ತನಕ ಅದು ಒಣಗುವುದೇ ಇಲ್ಲ. 1000 ಗಂಟೆ ಲೆಕ್ಕ ಹಾಕಿದರೆ 42 ದಿನವೂ ಆಗಲಿಲ್ಲ. ಸುಮ್ನೆ ಅಚ್ಚು ಹಾಕಿದ್ದಾ?

ಹೊಸನಗರದವ:
ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಎಂಟು ವರ್ಷ ಆ ಟೆಸ್ಟಿನ ಯಂತ್ರದ ಮುಂದೆ ಕೂತವನು ನಾನು ಮಾರಾಯ್ರೇ. ಝೆನಾನ್ ದೀಪದಿಂದ ಬಿಸಿಲಿನಂಥ ಬೆಳಕು ಬಿಟ್ಟು, ನೀರು ಸಿಂಪಡಿಸಿ, ಸಾಮಾನು ಬಿಸಿಲು ಮಳೆಗೆ ಎಷ್ಟು ತಡೆಯುತ್ತದೆ ಅಂತ ಬೇಗ ನೋಡುವ ಯಂತ್ರ ಅದು. ಅಚ್ಚು ಹಾಕಿದ್ದು ಸುಳ್ಳೇ ಇರಬೇಕೆಂದಿಲ್ಲ, ಆದರೆ ಅರ್ಧ ಮಾತು. "ಒಂದು ಗಂಟೆ ಬೇಯಿಸಿದೆ" ಅಂದರೆ ಬೆಂದಿದೆ ಅಂತ ಗೊತ್ತಾಗುತ್ತದಾ? ಉರಿ ಎಷ್ಟಿತ್ತು, ನೀರು ಎಷ್ಟಿತ್ತು?

ಕಾರಿನ ಹೊರಭಾಗದ ಸಾಮಾನಿಗೆ ತುಂಬಾ ಕಡೆ ಕೇಳುವುದು ಎಸ್‌ಎಇ ಜೆ2527, ಅಂದರೆ ವಾಹನ ಎಂಜಿನಿಯರುಗಳ ಸಂಘ ಬರೆದಿಟ್ಟ ಪರೀಕ್ಷಾ ವಿಧಾನ. ಮೂರು ಗಂಟೆಗೊಂದು ಸುತ್ತು. 40 ನಿಮಿಷ ಬೆಳಕು, 20 ನಿಮಿಷ ಬೆಳಕಿನ ಜೊತೆ ನೀರು, 60 ನಿಮಿಷ ಮತ್ತೆ ಬರೀ ಬೆಳಕು, ಕೊನೆಗೆ 60 ನಿಮಿಷ ಕತ್ತಲಲ್ಲಿ ನೀರು. ಬೆಳಕಿದ್ದಾಗ, ಬಿಸಿ ಅಳೆಯಲು ಯಂತ್ರದೊಳಗೆ ಇಟ್ಟ ಕಪ್ಪು ತಗಡು 70 ಡಿಗ್ರಿಗೆ ಏರುತ್ತದೆ. ಒಳಗಿನ ಡ್ಯಾಶ್‌ಬೋರ್ಡಿಗೆ ಜೆ2412 ಬೇರೆ, ಅದರಲ್ಲಿ 89 ಡಿಗ್ರಿ, ನೀರು ಸಿಂಪಡಿಸುವುದಿಲ್ಲ. ನಿಮ್ಮ ಬಂಪರನ್ನು ಒಳಭಾಗದ ವಿಧಾನದಲ್ಲಿ ಸುಟ್ಟಿದ್ದರೂ ರಟ್ಟಿನ ಮೇಲೆ ಅದೇ "1000 ಗಂಟೆ" ಬರುತ್ತದೆ, ಅಲ್ವಾ?

ವರ್ಷಕ್ಕೆ ಪರಿವರ್ತಿಸುವ ಒಂದೇ ಲೆಕ್ಕ ಇಲ್ಲ. ಲ್ಯಾಬ್‌ನವರು ಹೋಲಿಸುವುದು ಫ್ಲೋರಿಡಾ, ಅರಿಜೋನಾದ ಬಯಲಿನಲ್ಲಿಟ್ಟ ತುಂಡುಗಳ ಜೊತೆ. ಫ್ಲೋರಿಡಾದಲ್ಲಿ ಬಿಸಿಲೂ ಇದೆ, ತೇವವೂ ಇದೆ. ಅಲ್ಲಿ ಬಣ್ಣ ಸುಲಿದರೂ ಯಂತ್ರದಲ್ಲಿ ಸುಲಿಯುತ್ತಿರಲಿಲ್ಲ. ಬಯಲಿನಲ್ಲಿ ಬಣ್ಣ ರಾತ್ರಿಯಿಡೀ ಹೀರಿಕೊಳ್ಳುವಷ್ಟು ನೀರು ಯಂತ್ರದ ಒಂದು ಗಂಟೆಯ ಸಿಂಪಡಿಕೆಯಲ್ಲಿ ಒಳಗೆ ಇಳಿಯುವುದಿಲ್ಲ. ಅದಕ್ಕೇ 2013ರಲ್ಲಿ ಎಎಸ್‌ಟಿಎಂ ಅನ್ನುವ ಮಾನಕ ಸಂಸ್ಥೆಯ ಡಿ7869 ಎಂಬ ಹೊಸ ವಿಧಾನ ಬಂತು, ಅದರಲ್ಲಿ 4 ಗಂಟೆ ಕತ್ತಲಲ್ಲಿ ನೆನೆಸುತ್ತಾರೆ. ನಮ್ಮ ಮಲೆನಾಡಿನ ನಾಲ್ಕು ತಿಂಗಳ ನೆನೆ, ಆಮೇಲೆ ಮಾರ್ಚ್ ಬಿಸಿಲು, ಇದಕ್ಕೆ ಹೇಳಿ ಮಾಡಿಸಿದ ವಿಧಾನ ನಾನಂತೂ ಕಂಡಿಲ್ಲ.

ಬೆರಳು ಒದ್ದೆ ಮಾಡಿ ಉಜ್ಜಿ ನೋಡಿ. ಬಿಳಿ ಪುಡಿ ಬಂದರೆ ಮೇಲ್ಪದರವೇ ಬಿಸಿಲಿಗೆ ಮುರಿದಿದೆ.

ಸಾಗರ ಸರ್ಕಲ್:
ಕೊಬ್ಬರಿ ಎಣ್ಣೆ ಹಚ್ಚಿ, ಫಳಫಳ ಅನ್ನುತ್ತದೆ!

ಹೊಸನಗರದವ:
ಮೂರು ದಿನ ಅನ್ನುತ್ತದೆ. ಆಮೇಲೆ ಧೂಳು ಹಿಡಿಯುತ್ತದೆ. ಹೆಡ್‌ಲೈಟ್ ಹಳದಿಯಾಗಿದ್ದರೆ ಟೂತ್‌ಪೇಸ್ಟ್ ಹಚ್ಚುವ ಕೆಲಸವೂ ಬೇಡ. ಹೆಡ್‌ಲೈಟಿನ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿನ ಮೇಲಿರುವ ರಕ್ಷಣೆಯ ಲೇಪ ಅಲ್ಪಸ್ವಲ್ಪ ಉಳಿದಿದ್ದರೆ ಅದೂ ಹೋಗುತ್ತದೆ. ಉಜ್ಜಿದ ಮೇಲೆ ಯುವಿ ತಡೆಯುವ ಪಾರದರ್ಶಕ ಲೇಪ ಹೊಡೆಸಲೇಬೇಕು.

ಕೊಪ್ಪದ ಅಕ್ಕ:
ನಮ್ಮಲ್ಲಿ ಬಂಪರ್‌ಗಿಂತ ಸೀಟಿನ ಬೂಷ್ಟೇ ಜಾಸ್ತಿ. ಅದಕ್ಕೂ ಝೆನಾನಾ?

ಹೊಸನಗರದವ:
ಇಲ್ಲ ಅಕ್ಕಾ, ಆ ದೀಪದ ಕೆಳಗೆ ಬೂಷ್ಟು ಬದುಕುವುದಿಲ್ಲ. ಅದರ ಪರೀಕ್ಷೆಯೇ ಬೇರೆ.

ಅಡಿಕೆ ಅಂಗಳ, ತೀರ್ಥಹಳ್ಳಿ:
ಉಜ್ಜಿದೆ, ಬೆರಳು ಬಿಳಿಯಾಯಿತು. ಅಂಗಡಿಗೆ ಫೋನ್ ಮಾಡಿ ಯಾವ ವಿಧಾನದ 1000 ಗಂಟೆ ಅಂತ ಕೇಳಿದೆ. "ಝೆನಾನ್ ಅಂದ್ರೆ ಲೈಟಾ ಸಾರ್? ಲೈಟ್ ಬೇಕಿತ್ತಾ?" ಅಂದರು. ಸದ್ಯಕ್ಕೆ ಕಾರಿಗೆ ಸೋಗೆ ಚಪ್ಪರ ಹಾಕಿಸುತ್ತಿದ್ದೇನೆ.