ಬಾಣಂತಿಗೆ ಮೋರಿ ಸಾರು ಕೊಡಬಹುದೇ?

ಪ್ರಶ್ನೆ: ತಂಗಿಗೆ ಎದೆಹಾಲು ಹೆಚ್ಚಲೆಂದು ಅವಳ ಅತ್ತೆಯವರು ಕಾರವಾರದ ಮಾರುಕಟ್ಟೆಯಿಂದ ಮೊಳದುದ್ದದ ಮೋರಿಯನ್ನು, ಅಂದರೆ ಮರಿ ಶಾರ್ಕನ್ನು ತಂದು, ಕಾಳುಮೆಣಸು ಅರೆದು ಸಾರು ಮಾಡುತ್ತಿದ್ದಾರೆ. ಅದರಲ್ಲಿರುವ ಪಾದರಸವನ್ನು ಸೆಲೆನಿಯಂ ಎಂಬ ಖನಿಜ ಕಟ್ಟಿಹಾಕುತ್ತದೆ ಎಂಬುದು ನಿಜವೇ?

ಉತ್ತರ: ಅರ್ಧ ನಿಜ. ಸೆಲೆನಿಯಂ ಪಾದರಸದೊಂದಿಗೆ ಬಿಗಿಯಾಗಿ ಬೆಸೆಯುತ್ತದೆಯಾದರೂ, ಅದನ್ನೇ ನಂಬಿ ಬಾಣಂತಿಗೆ ಬಡಿಸುವುದು ನನಗೆ ಸರಿಕಾಣುವುದಿಲ್ಲ. ಇತರ ಮೀನುಗಳನ್ನು ತಿಂದು ಹಲವು ವರ್ಷ ಬದುಕುವ ಶಾರ್ಕಿನ ಮಾಂಸದಲ್ಲಿ ಮೀಥೈಲ್ ಪಾದರಸ, ಅಂದರೆ ಪಾದರಸದ ವಿಷಕಾರಿ ರೂಪ, ಕೂಡುತ್ತಲೇ ಹೋಗುತ್ತದೆ. ಸ್ವಲ್ಪ ಎದೆಹಾಲಿಗೂ ಇಳಿಯುತ್ತದೆ. ಮರಿಯಲ್ಲಿ ಕಡಿಮೆ ಇರಬಹುದು, ಆದರೂ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಹಾಲೂಡಿಸುವ ತಾಯಂದಿರಿಗೆ ಶಾರ್ಕ್ ಬೇಡವೆನ್ನುತ್ತದೆ. ಅಂತರರಾಷ್ಟ್ರೀಯ ಆಹಾರ ಮಾನದಂಡ ರೂಪಿಸುವ ಕೋಡೆಕ್ಸ್ ಆಯೋಗವು 2018ರಲ್ಲಿ ಶಾರ್ಕಿನ ಮೀಥೈಲ್ ಪಾದರಸಕ್ಕೆ ಕಿಲೋಗೆ 1.6 ಮಿಲಿಗ್ರಾಂ ಮಿತಿ ಇಟ್ಟಿದೆ.

ಪ್ರಶ್ನಿಸಿದವರು: ಚೆನ್ನಾಗಿ ಬೇಯಿಸಿದರೆ?

ಮತ್ತೊಂದು ಉತ್ತರ: ಪಾದರಸ ಹೋಗದು, ಅದು ಮೀನಿನ ಸ್ನಾಯುವಿನ ಪ್ರೋಟೀನಿಗೇ ಅಂಟಿರುತ್ತದೆ. ಮೋರಿಯ ಬದಲು ಬಂಗುಡೆ, ತಾರ್ಲೆ ಮೀನು ಕೊಡಿ.