ಸ್ಪ್ಯಾಮ್ ಮೇಲ್ ಕಾಟ: ಅನ್‌ಸಬ್‌ಸ್ಕ್ರೈಬ್ ಒತ್ತಿದರೆ ಇನ್ನೂ ಜಾಸ್ತಿ ಬರುತ್ತದಾ?

ಹಳೆಕೀಬೋರ್ಡ್

ಎಲ್ಲರಿಗೂ ನಮಸ್ಕಾರ. ನನ್ನ ಜಿಮೇಲ್ ವಿಳಾಸ ತುಂಬಾ ಹಳೆಯದು. ಬ್ಯಾಂಕು, ಕೆಲಸ, ಆನ್‌ಲೈನ್ ಖರೀದಿ, ಎಲ್ಲಕ್ಕೂ ಅದೊಂದೇ. ಈಗ ಬೆಳಿಗ್ಗೆ ಎದ್ದು ನೋಡಿದರೆ ಇನ್‌ಬಾಕ್ಸ್ ತುಂಬಾ ಕಸ. ಸಾಲ ಬೇಕಾ, ಲಾಟರಿ ಹೊಡೆದಿದೆ, ನಿಮ್ಮ ಪಾರ್ಸೆಲ್ ನಿಂತಿದೆ, ಯಾವತ್ತೋ ಒಮ್ಮೆ ಚಪ್ಪಲಿ ಕೊಂಡಿದ್ದ ಅಂಗಡಿಯ ಆಫರ್ ಬೇರೆ ದಿನಾ ಬರುತ್ತದೆ. ಇದರ ಮಧ್ಯೆ ಮೊನ್ನೆ ಒಂದು ಇಂಟರ್‌ವ್ಯೂ ಕರೆ ಕಣ್ಣಿಗೇ ಬೀಳಲಿಲ್ಲ, ಅದಕ್ಕೇ ತಲೆ ಕೆಟ್ಟಿದೆ. ಕಳಿಸಿದವರನ್ನೆಲ್ಲ ಬ್ಲಾಕ್ ಮಾಡುತ್ತಾ ಬಂದೆ, ಏನೂ ಪ್ರಯೋಜನ ಆಗಿಲ್ಲ. ಕೆಲವರು ಅನ್‌ಸಬ್‌ಸ್ಕ್ರೈಬ್ ಒತ್ತು ಎನ್ನುತ್ತಾರೆ, ಇನ್ನು ಕೆಲವರು ಅಯ್ಯೋ ಅದನ್ನು ಮಾತ್ರ ಮುಟ್ಟಬೇಡ, ಜಾಸ್ತಿ ಆಗುತ್ತದೆ ಎನ್ನುತ್ತಾರೆ. ಯಾವುದು ಸರಿ? ವಿಳಾಸವನ್ನೇ ಬಿಟ್ಟು ಹೊಸದು ಮಾಡಿಕೊಳ್ಳಬೇಕಾ?

ಅಂಚೆಚೀಲ

ಇಬ್ಬರು ಹೇಳಿದ್ದೂ ಸರಿಯೇ, ಮೇಲ್ ಯಾರದ್ದು ಅನ್ನುವುದರ ಮೇಲೆ ಹೋಗುತ್ತದೆ. ಚಪ್ಪಲಿ ಅಂಗಡಿಗೆ ವಿಳಾಸ ಕೊಟ್ಟವರು ನೀವೇ. ಅಂಥ ಮೇಲ್‌ನಲ್ಲಿ ಧೈರ್ಯವಾಗಿ ಅನ್‌ಸಬ್‌ಸ್ಕ್ರೈಬ್ ಒತ್ತಿ. ಲಾಟರಿಯವನಿಗೆ ನೀವು ವಿಳಾಸ ಕೊಟ್ಟಿಲ್ಲ, ಅವನ ಮೇಲ್ ಒಳಗೆ ಏನನ್ನೂ ಒತ್ತಬೇಡಿ, ಉತ್ತರವನ್ನೂ ಬರೆಯಬೇಡಿ, ಬೈಯುವುದಕ್ಕೂ ಹೋಗಬೇಡಿ. ಅಂಥವರ ಪಟ್ಟಿಯಲ್ಲಿ ಎಷ್ಟೋ ವಿಳಾಸಗಳು ಯಾರೂ ಬಳಸದೆ ಬಿಟ್ಟವು, ಎಷ್ಟೋ ಸುಮ್ನೆ ಊಹಿಸಿ ಬರೆದವು. ನೀವು ಒತ್ತಿದ ಕೂಡಲೇ ಈ ಡಬ್ಬಿಯನ್ನು ತೆಗೆದು ನೋಡುವವರು ಇದ್ದಾರೆ ಎಂದು ಅವರಿಗೆ ಗೊತ್ತಾಗುತ್ತದೆ, ಆಮೇಲೆ ಆ ವಿಳಾಸ ಇನ್ನೂ ನಾಲ್ಕು ಕೈಗೆ ಮಾರಾಟವಾಗುತ್ತದೆ.

ಅನ್‌ಸಬ್‌ಸ್ಕ್ರೈಬ್ ಮಾಡುವಾಗಲೂ ಮೇಲ್‌ನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇರುವ ಲಿಂಕ್ ಬಿಟ್ಟು, ಮೇಲೆ ಕಳಿಸಿದವರ ಹೆಸರಿನ ಪಕ್ಕದಲ್ಲಿ ಜಿಮೇಲ್ ತಾನೇ ತೋರಿಸುವ ಅನ್‌ಸಬ್‌ಸ್ಕ್ರೈಬ್ ಬಟನ್ ಒತ್ತಿ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಈ ವಿಷಯದಲ್ಲಿ ಬಿಗಿ ಮಾಡಿವೆ. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳಿಸುವವರು ತಮ್ಮ ಜಾಹೀರಾತು ಮೇಲ್‌ಗಳಲ್ಲಿ ಒಂದೇ ಕ್ಲಿಕ್ಕಿನಲ್ಲಿ ಹೊರಗೆ ಬರುವ ದಾರಿ ಕೊಡಬೇಕು, ಎರಡು ದಿನದೊಳಗೆ ನಿಮ್ಮ ಹೆಸರು ತೆಗೆಯಬೇಕು. ಆದ್ದರಿಂದ ಆ ಬಟನ್ ಈಗ ಮೊದಲಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಅದಾದ ಮೇಲೂ ಬರುತ್ತಲೇ ಇದ್ದರೆ ಯಾವ ಮುಲಾಜೂ ಇಲ್ಲದೆ ಸ್ಪ್ಯಾಮ್ ಎಂದು ಗುರುತು ಹಾಕಿ.

ಬ್ಲಾಕ್ ಮಾಡುವುದು ದಂಡ. ಸ್ಪ್ಯಾಮ್ ಕಳಿಸುವವರು ಪ್ರತಿ ಸಲ ಬೇರೆ ವಿಳಾಸದಿಂದ ಬರುತ್ತಾರೆ. ಡಿಲೀಟ್ ಮಾಡಿದರೂ ಅಷ್ಟೇ. ಸ್ಪ್ಯಾಮ್ ಎಂದು ಗುರುತು ಹಾಕಿದರೆ ಮಾತ್ರ ಕಸ ಬೇರ್ಪಡಿಸುವ ಜಿಮೇಲ್ ಫಿಲ್ಟರ್ ಕಲಿಯುತ್ತದೆ.

ಬಿಳಿಹಾಳೆ

ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಲಿಂಕ್ ಒತ್ತದೆ ಸುಮ್ನೆ ಮೇಲ್ ತೆರೆದರೂ ಅವರಿಗೆ ಗೊತ್ತಾಗಬಹುದು. ಒಳಗೆ ಒಂದು ಚುಕ್ಕೆಯಷ್ಟು, ಕಣ್ಣಿಗೆ ಕಾಣದ ಚಿತ್ರ ಇಟ್ಟಿರುತ್ತಾರೆ, ಪ್ರತಿಯೊಬ್ಬರಿಗೂ ಬೇರೆ ಬೇರೆ ಹೆಸರಿನದ್ದು. ಅದು ಲೋಡ್ ಆದರೆ ಈ ವಿಳಾಸದವರು ಮೇಲ್ ತೆರೆದರು ಎಂದು ಅಲ್ಲಿ ದಾಖಲಾಗುತ್ತದೆ. ಜಿಮೇಲ್ 2013ರಿಂದ ಚಿತ್ರಗಳನ್ನು ತನ್ನ ಸರ್ವರ್ ಮೂಲಕವೇ ತರುತ್ತದೆ, ಹಾಗಾಗಿ ನೀವು ಎಲ್ಲಿದ್ದೀರಿ ಎಂಬುದು ತಿಳಿಯುವುದಿಲ್ಲ, ಆದರೆ ತೆರೆದದ್ದು ತಿಳಿಯಬಹುದು. ಸೆಟ್ಟಿಂಗ್ಸ್‌ಗೆ ಹೋಗಿ, ಹೊರಗಿನ ಚಿತ್ರ ತೋರಿಸುವ ಮೊದಲು ಕೇಳು ಎನ್ನುವುದನ್ನು ಆರಿಸಿಕೊಳ್ಳಿ. ಒಂದು ನಿಮಿಷದ ಕೆಲಸ.

ನಕ್ಷತ್ರಗುರುತು

ವಿಳಾಸ ಬಿಡಬೇಡಿ. ಬ್ಯಾಂಕಿನಿಂದ ಹಿಡಿದು ಎಲ್ಲಾ ಕಡೆ ಬದಲಾಯಿಸುವುದು ದೊಡ್ಡ ತಲೆನೋವು, ಮೇಲಾಗಿ ಹೊಸದನ್ನೂ ಹೀಗೇ ಎಲ್ಲರಿಗೂ ಹಂಚಿದರೆ ಅದರ ಗತಿಯೂ ಇದೇ ಅಲ್ವಾ? ಹಳೆಯದನ್ನು ಬ್ಯಾಂಕು ಮತ್ತು ಕೆಲಸಕ್ಕೆ ಇಟ್ಟುಕೊಳ್ಳಿ, ಉಳಿದ ಕಡೆ ಅದನ್ನು ಕೊಡುವುದು ನಿಲ್ಲಿಸಿ.

ಜಿಮೇಲ್‌ನಲ್ಲಿ ಒಂದು ಅನುಕೂಲ ಇದೆ, ತುಂಬಾ ಜನ ಬಳಸುವುದೇ ಇಲ್ಲ. ನಿಮ್ಮ ವಿಳಾಸದಲ್ಲಿ ಹೆಸರು ಮುಗಿದ ಮೇಲೆ, ಅಟ್ ಗುರುತಿಗಿಂತ ಮುಂಚೆ, ಒಂದು ಪ್ಲಸ್ ಹಾಕಿ ಏನು ಬೇಕಾದರೂ ಸೇರಿಸಬಹುದು. ಅಂಗಡಿಗೆ ಕೊಡುವಾಗ ಹೆಸರು, ಪ್ಲಸ್, ಚಪ್ಪಲಿ ಎಂದು ಕೊಟ್ಟಿರಿ ಎಂದುಕೊಳ್ಳಿ, ಮೇಲ್ ನಿಮಗೇ ಬರುತ್ತದೆ. ನಾಳೆ ಯಾವನೋ ಸಾಲದವನು ಆ ಚಪ್ಪಲಿ ವಿಳಾಸಕ್ಕೆ ಮೇಲ್ ಹಾಕಿದರೆ, ನಿಮ್ಮ ವಿಳಾಸ ಆ ಅಂಗಡಿಯಿಂದಲೇ ಹೊರಗೆ ಹೋಗಿದೆ ಎಂದು ತಿಳಿಯುತ್ತದೆ. ಆ ವಿಳಾಸಕ್ಕೆ ಬರುವುದನ್ನೆಲ್ಲ ಒಂದು ಫಿಲ್ಟರ್ ಹಾಕಿ ನೇರ ಕಸಕ್ಕೆ ಕಳಿಸಿ. ಕೆಲವು ಸೈಟ್‌ಗಳು ಪ್ಲಸ್ ಇರುವ ವಿಳಾಸ ಒಪ್ಪುವುದಿಲ್ಲ, ಚಾಲಾಕಿ ಸ್ಪ್ಯಾಮರ್‌ಗಳು ಪ್ಲಸ್ ಭಾಗವನ್ನು ಕತ್ತರಿಸಿ ಕಳಿಸುತ್ತಾರೆ, ಅದೊಂದು ಕೊರತೆ. ಇನ್ನೂ ಗಟ್ಟಿ ಬೇಕು ಅಂದರೆ ಫೈರ್‌ಫಾಕ್ಸ್ ರಿಲೇ ಅಥವಾ ಆ್ಯಪಲ್‌ನ ಹೈಡ್ ಮೈ ಇಮೇಲ್ ನೋಡಿ. ಅವು ಬೇರೆಯದೇ ವಿಳಾಸ ಮಾಡಿಕೊಟ್ಟು ಅಲ್ಲಿಗೆ ಬಂದ ಮೇಲ್ ನಿಮಗೆ ದಾಟಿಸುತ್ತವೆ, ಬೇಡವಾದಾಗ ಅದೊಂದನ್ನೇ ಮುಚ್ಚಿಬಿಡಬಹುದು.

ಹಳೆಕೀಬೋರ್ಡ್

ತುಂಬಾ ಉಪಕಾರ ಆಯಿತು, ಚಪ್ಪಲಿ ಅಂಗಡಿಯಿಂದ ಈಗಲೇ ಹೊರಬಂದೆ. ಇನ್ನೊಂದು ಮಾತ್ರ ನಿಜಕ್ಕೂ ಹೆದರಿಸಿದೆ. ನನ್ನದೇ ವಿಳಾಸದಿಂದ ನನಗೇ ಒಂದು ಮೇಲ್ ಬಂದಿದೆ, ವಿಷಯದ ಸಾಲಿನಲ್ಲಿ ನಾನು ಹಿಂದೆ ಬಳಸುತ್ತಿದ್ದ ಪಾಸ್‌ವರ್ಡ್ ಬರೆದಿದ್ದಾರೆ. ಕ್ಯಾಮೆರಾದಲ್ಲಿ ನಿನ್ನ ವಿಡಿಯೊ ಹಿಡಿದಿದ್ದೇವೆ, ಬಿಟ್‌ಕಾಯಿನ್ ಕಳಿಸು ಎಂದಿದ್ದಾರೆ. ನನ್ನ ಖಾತೆ ಅವರ ಕೈಗೆ ಹೋಗಿದೆಯಾ?

ಅಂಚೆಚೀಲ

ಹೆದರಬೇಡಿ, ದುಡ್ಡು ಕಳಿಸಬೇಡಿ. ಇದೇ ಮೇಲ್ ಪಾಸ್‌ವರ್ಡ್ ಮಾತ್ರ ಬದಲಾಯಿಸಿ ಎಷ್ಟೋ ಜನರಿಗೆ ಹೋಗುತ್ತಿರುತ್ತದೆ. ಲಕೋಟೆಯ ಮೇಲೆ ಕಳಿಸಿದವರ ಹೆಸರು ಏನು ಬೇಕಾದರೂ ಬರೆಯಬಹುದಲ್ಲ, ಇಲ್ಲೂ ಹಾಗೇ, ನಿಮ್ಮ ವಿಳಾಸವನ್ನೇ ಕಳಿಸಿದವರ ಜಾಗದಲ್ಲಿ ಬರೆದಿದ್ದಾರೆ. ಪಾಸ್‌ವರ್ಡ್ ಸಿಕ್ಕಿದ್ದು ಸಾಮಾನ್ಯವಾಗಿ ಹಿಂದೆ ಯಾವುದೋ ಸೈಟ್‌ನ ಮಾಹಿತಿ ಸೋರಿದಾಗ. ಹ್ಯಾವ್ ಐ ಬೀನ್ ಪೋನ್ಡ್ ಎಂಬ ಸೈಟ್‌ನಲ್ಲಿ ನಿಮ್ಮ ವಿಳಾಸ ಹಾಕಿದರೆ ಯಾವ ಯಾವ ಸೋರಿಕೆಯಲ್ಲಿ ಅದು ಇದೆ ಎಂದು ತೋರಿಸುತ್ತದೆ. ಆ ಪಾಸ್‌ವರ್ಡ್ ಇನ್ನೂ ಎಲ್ಲಾದರೂ ಬಳಕೆಯಲ್ಲಿದ್ದರೆ ಇವತ್ತೇ ಬದಲಾಯಿಸಿ. ಮೇಲ್ ಖಾತೆಗೆ ಎರಡು ಹಂತದ ಲಾಗಿನ್ ಇಡಿ, ಯಾವ ಸಾಧನಗಳಲ್ಲಿ ಲಾಗಿನ್ ಆಗಿದೆ ಎಂದೂ ಒಮ್ಮೆ ನೋಡಿ.

ಸ್ಪ್ಯಾಮ್ ಫೋಲ್ಡರ್ ಕೂಡ ವಾರಕ್ಕೊಮ್ಮೆ ಕಣ್ಣಾಡಿಸಿ. ಅಲ್ಲಿ ಬಿದ್ದದ್ದು 30 ದಿನಕ್ಕೆ ತಾನಾಗಿ ಅಳಿಸಿಹೋಗುತ್ತದೆ. ಇಂಟರ್‌ವ್ಯೂ ಕರೆ ಅಂಥದ್ದು ಅಲ್ಲಿ ಕಂಡರೆ ಸ್ಪ್ಯಾಮ್ ಅಲ್ಲ ಎಂದು ಒತ್ತಿ.

ಬಿಳಿಹಾಳೆ

ಇದೂ ತಿಳಿದಿರಲಿ. ಒಂದು ದಿನ ಇದ್ದಕ್ಕಿದ್ದ ಹಾಗೆ, ನೀವು ಸೇರಿಯೇ ಇಲ್ಲದ ಸೈಟ್‌ಗಳಿಂದ ನೂರಾರು ಸ್ವಾಗತ ಮೇಲ್ ಸುರಿದರೆ ಅದನ್ನು ಮಾಮೂಲಿ ಸ್ಪ್ಯಾಮ್ ಎಂದು ಬಿಡಬೇಡಿ. ನಿಮ್ಮ ಕಾರ್ಡಿನಲ್ಲಿ ಯಾರೋ ಖರೀದಿ ಮಾಡಿ, ಅದರ ಸೂಚನೆ ನಿಮ್ಮ ಕಣ್ಣಿಗೆ ಬೀಳದಿರಲಿ ಎಂದು ಹೀಗೆ ಕಸ ಸುರಿಯುವುದುಂಟು. ಮೇಲ್ ಅಳಿಸುತ್ತಾ ಕೂರದೆ ಮೊದಲು ಬ್ಯಾಂಕ್ ಖಾತೆ ಮತ್ತು ಕಾರ್ಡಿನ ವಹಿವಾಟು ತೆರೆದು ನೋಡಿ. ಗೊತ್ತಿಲ್ಲದ ಖರ್ಚು ಕಂಡರೆ ಆ ಕ್ಷಣವೇ ಕಾರ್ಡ್ ನಿಲ್ಲಿಸಿ.