ತೆರೆಯಲು ತಡವಾದರೆ ದೊಡ್ಡ ಪೈಲಟ್ ಚ್ಯೂಟ್ ಹಾಕಬೇಕಾ? ಪುಣೆ ಕನ್ನಡಿಗರ ಗುಂಪಿನ ಪ್ರಶ್ನೋತ್ತರ

ಪ್ರಶ್ನೆ (ವಾಕಡ್‌ನಿಂದ):
ನಮಸ್ಕಾರ ಅಕ್ಕ. ನೀವು ಪ್ಯಾರಾಶೂಟ್ ರಿಗ್ಗರ್ (ಪ್ಯಾರಾಶೂಟ್ ಪ್ಯಾಕ್ ಮಾಡಿ, ದುರಸ್ತಿ ಮಾಡುವವರು) ಅಂತ ಗುಂಪಿನಲ್ಲಿ ಯಾರೋ ಹೇಳಿದರು, ಅದಕ್ಕೆ ಕೇಳುತ್ತಿದ್ದೇನೆ. ನಾನು ಸ್ಕೈಡೈವಿಂಗ್ ಕಲಿತಿದ್ದು ಥಾಯ್ಲೆಂಡ್‌ನಲ್ಲಿ, ಅಮೆರಿಕದ ಪ್ಯಾರಾಶೂಟ್ ಸಂಘದ (ಯುಎಸ್‌ಪಿಎ) ಮೊದಲ ಹಂತದ ‘ಎ’ ಲೈಸೆನ್ಸ್ ಇದೆ. ಅಲ್ಲೇ ಒಬ್ಬರಿಂದ ಸೆಕೆಂಡ್ ಹ್ಯಾಂಡ್ ರಿಗ್ (ಪ್ಯಾರಾಶೂಟ್‌ನ ಪೂರ್ತಿ ಸೆಟ್) ತಗೊಂಡೆ. ಕಂಟೇನರ್ 150 ಚದರ ಅಡಿಯ ಮೇನ್‌ಗೆ (ಮುಖ್ಯ ಪ್ಯಾರಾಶೂಟ್‌ಗೆ) ಮಾಡಿದ್ದು, ನಾನು ಹಾಕಿಸಿರುವುದು 170. ಕಳೆದ ಟ್ರಿಪ್‌ನಲ್ಲಿ ಪೈಲಟ್ ಚ್ಯೂಟ್ ಎಸೆದ ಮೇಲೂ ಒಂದೆರಡು ಸೆಕೆಂಡ್ ಏನೂ ಆಗಲಿಲ್ಲ, ಆಮೇಲೆ ತೆರೆಯಿತು. ಒಂದು ಸಲ ಆಗಿದ್ದರೆ ಬಿಟ್ಟುಬಿಡುತ್ತಿದ್ದೆ, ಮತ್ತೆ ಮತ್ತೆ ಆಯಿತು. ಅಲ್ಲಿನ ಸೀನಿಯರ್ ಒಬ್ಬರು “28 ಇಂಚಿನ ಪೈಲಟ್ ಚ್ಯೂಟ್ ಸಾಲದು, 32 ಹಾಕು” ಅಂದರು. ಯಾವ ಕಂಪನಿಯದು ತಗೊಳ್ಳಲಿ?

ಉತ್ತರ (ರಿಗ್ಗರ್):
ಇನ್ನೂ ಯಾವುದನ್ನೂ ತಗೊಳ್ಳಬೇಡಿ. ನೀವು ಬರೆದಿದ್ದರಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು 28 ಅಲ್ಲ, 150ರ ಕಂಟೇನರ್‌ನಲ್ಲಿ 170.

ಗುಂಪಿನಲ್ಲಿ ಗೊತ್ತಿಲ್ಲದವರೂ ಇದ್ದಾರೆ, ಒಂದು ನಿಮಿಷ. ಬೆನ್ನಿಗೆ ಕಟ್ಟಿಕೊಳ್ಳುವ ಚೀಲಕ್ಕೆ ಕಂಟೇನರ್ ಅನ್ನುತ್ತೇವೆ. ಅದರ ತಳದ ಪೌಚ್‌ನಲ್ಲಿ ಒಂದು ಪುಟ್ಟ ಗುಂಡನೆಯ ಚ್ಯೂಟ್ ಮಡಚಿಟ್ಟಿರುತ್ತದೆ, ಅದೇ ಪೈಲಟ್ ಚ್ಯೂಟ್. ಅದನ್ನು ಕೈಯಿಂದ ಎಳೆದು ಗಾಳಿಗೆ ಎಸೆಯಬೇಕು. ಅದು ಗಾಳಿ ಹಿಡಿದು ಬ್ರೈಡಲ್ ಅನ್ನುವ ಪಟ್ಟಿಯನ್ನು ಎಳೆಯುತ್ತದೆ. ಬ್ರೈಡಲ್ ಮೇಲಿನ ಪಿನ್ ಕ್ಲೋಸಿಂಗ್ ಲೂಪ್‌ನಿಂದ (ಕಂಟೇನರ್ ಮುಚ್ಚಿಡುವ ದಾರದ ಕುಣಿಕೆಯಿಂದ) ಕಳಚುತ್ತದೆ, ಕಂಟೇನರ್‌ನ ಫ್ಲ್ಯಾಪ್ ಬಿಚ್ಚುತ್ತವೆ, ಮೇನ್ ಇರುವ ಬ್ಯಾಗ್ ಹೊರಗೆ ಬರುತ್ತದೆ. ಆಮೇಲೆ ದಾರಗಳು ಬಿಚ್ಚಿಕೊಂಡು ಮೇನ್ ತೆರೆಯುತ್ತದೆ.

ಈಗ ನಿಮ್ಮ ವಿಷಯ. ತಡ ಆಗುತ್ತಿರುವುದು ಎಲ್ಲಿ? ಪಿನ್ ಕಳಚುವ ಮೊದಲಾ? ಪಿನ್ ಕಳಚಿದ ಮೇಲೆ ಬ್ಯಾಗ್ ಹೊರಬರುವಾಗಲಾ? ಅಥವಾ ದಾರ ಪೂರ್ತಿ ಬಿಚ್ಚಿದ ಮೇಲೆ ಮೇನ್ ನಿಧಾನವಾಗಿ ಅರಳುತ್ತಿದೆಯಾ? ಮೂರಕ್ಕೂ ಮದ್ದು ಬೇರೆ. ಮೂರನೆಯದಾದರೆ ಪೈಲಟ್ ಚ್ಯೂಟ್‌ಗೂ ಅದಕ್ಕೂ ಸಂಬಂಧವೇ ಇಲ್ಲ, ಮಡಚುವ ರೀತಿ ಮತ್ತು ಸ್ಲೈಡರ್ (ಮೇನ್ ಒಮ್ಮೆಲೇ ಅರಳದಂತೆ ತಡೆಯುವ ಬಟ್ಟೆ) ನೋಡಬೇಕು. ಯಾರಾದರೂ ನಿಮ್ಮ ವಿಡಿಯೋ ತೆಗೆದಿದ್ದರೆ ನಿಧಾನ ಮಾಡಿ ನೋಡಿ ಹೇಳಿ.

ಇನ್ನೊಂದು ಮಾತು. ಹೊಟ್ಟೆ ಕೆಳಗೆ ಮಾಡಿ ಬೀಳುವಾಗ ವೇಗ ಗಂಟೆಗೆ ಸುಮಾರು 190 ಕಿ.ಮೀ., ಅಂದರೆ ಸೆಕೆಂಡಿಗೆ 170 ಅಡಿಗೂ ಮೇಲೆ. ‘ಎ’ ಲೈಸೆನ್ಸ್‌ನವರು ಮೇನ್ ತೆರೆಯಬೇಕಾದ ಕನಿಷ್ಠ ಎತ್ತರ 3,000 ಅಡಿ. ಮೇನ್ ಸರಿಯಿಲ್ಲ ಎಂದು ತೀರ್ಮಾನಿಸಿ ಮುಂದಿನ ಕೆಲಸ ಶುರು ಮಾಡಬೇಕಾದ ಎತ್ತರ 2,500. ನಡುವೆ ಸಿಗುವುದು ಮೂರೇ ಸೆಕೆಂಡ್. ಅದರಲ್ಲಿ ಎರಡು ನಿಮ್ಮ ರಿಗ್ ತಿನ್ನುತ್ತಿದೆ. ಇದು ಸರಿಯಾಗುವವರೆಗೆ ಆ ರಿಗ್ ಹಾಕಿಕೊಂಡು ವಿಮಾನ ಹತ್ತಬೇಡಿ.

ಪ್ರಶ್ನೆ (ವಾಕಡ್):
ವಿಡಿಯೋ ಇದೆ ಅಕ್ಕ, ನೋಡಿದೆ. ಪೈಲಟ್ ಚ್ಯೂಟ್ ಬೆನ್ನ ಹಿಂದೆ ಚೆನ್ನಾಗೇ ನಿಂತಿದೆ. ಬ್ರೈಡಲ್ ಬಿಗಿಯಾಗಿದೆ. ಆದರೆ ಕಂಟೇನರ್ ಮುಚ್ಚೇ ಇದೆ. ಆಮೇಲೆ ಒಮ್ಮೆಲೇ ಬಿಚ್ಚುತ್ತದೆ.

ಉತ್ತರ:
ಹಾಗಾದರೆ ಪಿನ್ ಕಳಚುವ ಮೊದಲೇ ತಡ. ಇದು ಮುಂದುವರಿದರೆ ಪೈಲಟ್ ಚ್ಯೂಟ್ ಇನ್ ಟೋ ಆಗುತ್ತದೆ. ಅಂದರೆ ಚ್ಯೂಟ್ ಹಿಂದೆ ತೂಗಾಡುತ್ತಿರುತ್ತದೆ, ಕಂಟೇನರ್ ಬಿಚ್ಚುವುದೇ ಇಲ್ಲ. ಆಗ ನೇರ ರಿಸರ್ವ್ (ತುರ್ತು ಪ್ಯಾರಾಶೂಟ್) ಎಳೆಯಬೇಕೋ, ಮೊದಲು ಮೇನ್ ಕಟ್‌ಅವೇ ಮಾಡಿ (ಕಳಚಿಬಿಟ್ಟು) ಆಮೇಲೆ ರಿಸರ್ವ್ ಎಳೆಯಬೇಕೋ ಅಂತ ಎರಡು ಪಾಠ ಇವೆ. ನಿಮ್ಮ ಇನ್‌ಸ್ಟ್ರಕ್ಟರ್ ಜೊತೆ ಕೂತು ಒಂದನ್ನು ಆರಿಸಿಕೊಂಡು ನೆಲದ ಮೇಲೇ ಅಭ್ಯಾಸ ಮಾಡಿರಬೇಕು. ಮೇಲೆ ಹೋಗಿ ಯೋಚಿಸಲು ಹೊತ್ತಿರುವುದಿಲ್ಲ.

ಕಾರಣಕ್ಕೆ ಬರೋಣ. ಮೊದಲು ಕ್ಲೋಸಿಂಗ್ ಲೂಪ್. ಮದುವೆಗೆ ಹೊರಟವರ ಸೂಟ್‌ಕೇಸ್ ಮೇಲೆ ಮಕ್ಕಳನ್ನು ಕೂರಿಸಿ ಜಿಪ್ ಎಳೆಯುತ್ತಾರಲ್ಲ, 150ರ ಕಂಟೇನರ್‌ಗೆ 170 ತುರುಕಿದಾಗ ಅದೇ ಸ್ಥಿತಿ. ಒಳಗಿನ ಒತ್ತಡ ಪೂರ್ತಿ ಲೂಪ್ ಮೇಲೆ, ಲೂಪ್‌ನಿಂದ ಪಿನ್ ಮೇಲೆ. ಪಿನ್ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಪ್ಯಾಕ್ ಮಾಡುವಾಗ ನೀವು ಪುಲ್‌ಅಪ್ ಕಾರ್ಡ್ (ಲೂಪನ್ನು ಮೇಲೆಳೆಯುವ ದಾರ) ಎಳೆಯಲು ಮೊಣಕಾಲು ಊರಿ ಒದ್ದಾಡುತ್ತೀರಾ? ಹೌದು ಅಂದರೆ ಕಾರಣ ಅರ್ಧ ಸಿಕ್ಕಿತು.

ಎರಡನೆಯದು ಕಿಲ್ ಲೈನ್. ನನ್ನ ಅನುಭವದಲ್ಲಿ ಜಾಸ್ತಿ ಜನ ಮರೆಯುವುದು ಇದನ್ನೇ. ಮೇನ್ ತೆರೆದ ಮೇಲೂ ಪೈಲಟ್ ಚ್ಯೂಟ್ ಹಿಂದೆ ಉಬ್ಬಿಕೊಂಡಿದ್ದರೆ ಸುಮ್ನೆ ಎಳೆಯುತ್ತಿರುತ್ತದೆ. ಅದಕ್ಕೆ ಬ್ರೈಡಲ್ ಒಳಗೆ ಒಂದು ದಾರ ಇರುತ್ತದೆ. ಮೇನ್ ಅರಳಿದಾಗ ಅದು ಪೈಲಟ್ ಚ್ಯೂಟ್‌ನ ನೆತ್ತಿಯನ್ನು ಒಳಗೆ ಎಳೆದು ಮುದುಡಿಸುತ್ತದೆ. ಮತ್ತೆ ಪ್ಯಾಕ್ ಮಾಡುವಾಗ ನಾವು ದಾರವನ್ನು ವಾಪಸ್ ಎಳೆದು ಚ್ಯೂಟನ್ನು ಕಾಕ್ ಮಾಡಬೇಕು, ಅಂದರೆ ಮತ್ತೆ ಉಬ್ಬಲು ಸಿದ್ಧ ಮಾಡಬೇಕು. ಅನೇಕ ಬ್ರೈಡಲ್‌ಗಳಲ್ಲಿ ಪಿನ್ ಹತ್ತಿರ ಒಂದು ಪುಟ್ಟ ಕಿಟಕಿ ಇರುತ್ತದೆ, ಅದರಲ್ಲಿ ಬಣ್ಣ ಕಂಡರೆ ಕಾಕ್ ಆಗಿದೆ ಅಂತ ಲೆಕ್ಕ.

ಆದರೆ ಬಣ್ಣ ಕಂಡ ಮಾತ್ರಕ್ಕೆ ನಂಬಬೇಡಿ. ಈ ದಾರ ಸಾಮಾನ್ಯವಾಗಿ ಸ್ಪೆಕ್ಟ್ರಾ ಅನ್ನುವ ಕೃತಕ ನೂಲಿನದು. ಉಜ್ಜಿ ಉಜ್ಜಿ ಬಿಸಿಯಾದರೆ ಅದು ಕುಗ್ಗುತ್ತದೆ. ಕುಗ್ಗಿದ ದಾರ, ಕಾಕ್ ಮಾಡಿದ ಮೇಲೂ ನೆತ್ತಿಯನ್ನು ಅಷ್ಟಿಷ್ಟು ಒಳಗೆ ಎಳೆದೇ ಇಟ್ಟಿರುತ್ತದೆ. ಚ್ಯೂಟ್ ಪೂರ್ತಿ ಉಬ್ಬುವುದಿಲ್ಲ. ನೋಡಲು 28 ಇಂಚು, ಕೆಲಸ ಮಾಡುವುದು ಇನ್ನೂ ಚಿಕ್ಕದರ ಹಾಗೆ. ಮನೆಯಲ್ಲೇ ಪರೀಕ್ಷೆ ಮಾಡಬಹುದು: ಕಾಕ್ ಮಾಡಿ, ಬ್ಯಾಗ್ ಕಡೆಯ ತುದಿಯನ್ನು ಒಬ್ಬರು ಹಿಡಿಯಲಿ, ಪೈಲಟ್ ಚ್ಯೂಟ್ ಕಡೆಯಿಂದ ನೀವು ಗಟ್ಟಿಯಾಗಿ ಎಳೆಯಿರಿ. ಬ್ರೈಡಲ್ ಪಟ್ಟಿ ಬಿಗಿಯಾಗುವ ಮೊದಲೇ ಒಳಗಿನ ದಾರ ಬಿಗಿಯಾದರೆ ಅದು ಕುಗ್ಗಿದೆ. ದಾರ ಬದಲಿಸುವುದು ರಿಗ್ಗರ್‌ಗೆ ಸಣ್ಣ ಕೆಲಸ.

ಮೂರನೆಯದು, ಬ್ರೈಡಲ್ ಹೋಗುವ ದಾರಿ. ಮುಚ್ಚುವಾಗ ಪಿನ್ ಬ್ರೈಡಲ್ ಬಟ್ಟೆಯನ್ನೇ ಚುಚ್ಚಿಕೊಂಡು ಹೋದರೆ, ಅಥವಾ ಬ್ರೈಡಲ್ ಫ್ಲ್ಯಾಪ್‌ನ ತಪ್ಪು ಬದಿಯಲ್ಲಿ ಸಿಕ್ಕಿಕೊಂಡರೆ, ಎಂಥ ದೊಡ್ಡ ಚ್ಯೂಟ್ ಹಾಕಿದರೂ ಅಷ್ಟೇ. ನಿಮಗೆ ಮತ್ತೆ ಮತ್ತೆ ಆಗುತ್ತಿದೆ, ಕೊನೆಗೆ ತೆರೆಯುತ್ತಲೂ ಇದೆ, ಹಾಗಾಗಿ ಇದು ಇರಲಾರದು. ಆದರೂ ನಿಮ್ಮ ರಿಗ್‌ನ ಮ್ಯಾನ್ಯುಯಲ್ ತೆಗೆದು ಚಿತ್ರದ ಜೊತೆ ಹೋಲಿಸಿ ನೋಡಿ.

ಪ್ರಶ್ನೆ (ವಾಕಡ್):
ಮೊಣಕಾಲು ಊರುವುದು ನಿಜ! ಪಿನ್ ತೂರಿಸಲು ರೂಮ್‌ಮೇಟ್‌ನ ಸಹಾಯವೂ ಬೇಕು. ಹಾಗಾದರೆ ಲೂಪ್ ಸ್ವಲ್ಪ ಉದ್ದ ಮಾಡಿ, ಜೊತೆಗೆ 32 ಇಂಚಿನದನ್ನೂ ಹಾಕಿಬಿಟ್ಟರೆ? ಎರಡೂ ಕಡೆಯಿಂದ ಸೇಫ್ ಅಲ್ವಾ?

ಉತ್ತರ:
ಅಲ್ಲ. ಲೆಕ್ಕ ನೋಡಿ. ಎಳೆತ ವಿಸ್ತೀರ್ಣದ ಮೇಲೆ ನಿಂತಿದೆ. 28ರಿಂದ 32ಕ್ಕೆ ಹೋದರೆ ಸುಮಾರು 30 ಶೇಕಡಾ ಜಾಸ್ತಿ ಎಳೆತ. ಅದು ಪಿನ್ ಕಳಚುವುದಕ್ಕಷ್ಟೇ ಉಪಯೋಗವಾಗಿ ನಿಲ್ಲುವುದಿಲ್ಲ. ಬ್ಯಾಗನ್ನೂ ಅಷ್ಟೇ ಜೋರಾಗಿ ಕಿತ್ತುಕೊಂಡು ಹೋಗುತ್ತದೆ. ರಬ್ಬರ್ ಬ್ಯಾಂಡ್‌ಗಳಿಂದ ದಾರ ಒಂದೊಂದಾಗಿ ಬಿಚ್ಚುವ ಬದಲು ಗೊಂಚಲಾಗಿ ಜಾರಿ ಬೀಳಬಹುದು. ಆಗ ತೆರೆಯುವ ಹೊಡೆತಕ್ಕೆ ಕುತ್ತಿಗೆ, ಬೆನ್ನು ಎರಡೂ ನೆನಪಿಟ್ಟುಕೊಳ್ಳುತ್ತವೆ. ಅದೂ ಅಲ್ಲದೆ 28ಕ್ಕೆ ಹೊಲಿದ ಪೌಚ್‌ನಲ್ಲಿ 32ನ್ನು ತುಂಬಿದರೆ ಅದನ್ನು ಹೊರಗೆಳೆಯುವುದೇ ಕಷ್ಟ. ಒಂದು ತೊಂದರೆಯನ್ನು ಪಿನ್‌ನಿಂದ ತೆಗೆದು ಪೌಚ್‌ಗೆ ಹಾಕಿದಂತಾಯಿತು, ಅಷ್ಟೇ.

ಲೂಪನ್ನು ಮನಸ್ಸಿಗೆ ಬಂದಷ್ಟು ಉದ್ದ ಮಾಡುವುದೂ ಅಪಾಯ. ಸಡಿಲ ಲೂಪ್ ಅಂದರೆ ಪಿನ್ ತಾನಾಗಿ ಕಳಚಬಹುದು. ವಿಮಾನದ ಬಾಗಿಲಲ್ಲಿ ಹಾಗಾದರೆ ನಿಮ್ಮ ಜೊತೆ ಉಳಿದವರ ಜೀವಕ್ಕೂ ಕುತ್ತು.

ನಾನು ಹೇಳುವುದು ಇಷ್ಟೇ: ಕಂಟೇನರ್ ತಯಾರಿಸಿದ ಕಂಪನಿಯ ಸೈಜ್ ಚಾರ್ಟ್ ನೋಡಿ. ಅದರಲ್ಲಿ ನಿಮ್ಮ 170 ಇಲ್ಲ ಅಂದರೆ ಕಂಟೇನರ್ ಬದಲಿಸಿ, ಇಲ್ಲವೇ ಚಾರ್ಟ್‌ಗೆ ಹೊಂದುವ ಮೇನ್ ಹಾಕಿ. 150ಕ್ಕೆ ಇಳಿಯುವಷ್ಟು ಅನುಭವ ನಿಮಗೆ ಇನ್ನೂ ಇಲ್ಲ, ಹಾಗಾಗಿ ಬದಲಾಗಬೇಕಾದ್ದು ಕಂಟೇನರ್. ಜೇಬಿಗೆ ಭಾರ, ಗೊತ್ತು. ಪೈಲಟ್ ಚ್ಯೂಟ್ ಆಮೇಲಿನ ಮಾತು. ಮೇನ್ ಎಷ್ಟು ದೊಡ್ಡದು, ಎಷ್ಟು ವೇಗದಲ್ಲಿ ತೆರೆಯುತ್ತೀರಿ, ಬಟ್ಟೆ ಯಾವುದು, ಇವು ಮೂರೂ ಸೇರಿ ಅದರ ಸೈಜ್ ನಿರ್ಧಾರವಾಗುತ್ತದೆ.

ಪ್ರಶ್ನೆ (ಮುಂಬೈ, ಪೊವಾಯಿಯಿಂದ):
ಮೇಡಂ, ಬಟ್ಟೆ ಅಂದಿರಿ. ಝಡ್‌ಪಿ ಒಳ್ಳೆಯದಾ, ಎಫ್-111 ಒಳ್ಳೆಯದಾ? ಇನ್ನೊಂದು, ನನ್ನ ಪೌಚ್ ಸ್ವಲ್ಪ ಸಡಿಲ ಆಗಿದೆ, ಬ್ರೈಡಲ್ ಒಂದಿಷ್ಟು ಹೊರಗೆ ಕಾಣುತ್ತದೆ. ನಾನು ಈಗ ಸಿಟ್ ಫ್ಲೈ (ಕೂತ ಭಂಗಿಯಲ್ಲಿ ಬೀಳುವುದು) ಕಲಿಯುತ್ತಿದ್ದೇನೆ. ಫ್ರೆಂಡ್ಸ್ ಪರವಾಗಿಲ್ಲ ಅನ್ನುತ್ತಾರೆ.

ಉತ್ತರ:
ಎರಡನೆಯದು ಮೊದಲು. ಪರವಾಗಿಲ್ಲ ಅಂದವರ ಜೊತೆ ಹಾರಬೇಡಿ.

ಸಿಟ್ ಫ್ಲೈನಲ್ಲಿ, ತಲೆ ಕೆಳಗಾಗಿ ಹಾರುವುದರಲ್ಲಿ ವೇಗ ಗಂಟೆಗೆ 240 ಕಿ.ಮೀ. ದಾಟುತ್ತದೆ. ಗಾಳಿಯ ಎಳೆತ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. 190ಕ್ಕೆ ಹೋಲಿಸಿದರೆ 240ರಲ್ಲಿ ಅದು ಸುಮಾರು 60 ಶೇಕಡಾ ಜಾಸ್ತಿ. ಹೊರಗೆ ಇಣುಕುವ ಬ್ರೈಡಲ್ ಆ ಗಾಳಿಗೆ ಸಿಕ್ಕಿದರೆ ಪಿನ್ ಕಿತ್ತುಕೊಂಡು ಬರುತ್ತದೆ. ಪೈಲಟ್ ಚ್ಯೂಟ್ ಮಾತ್ರ ಇನ್ನೂ ಪೌಚ್‌ನಲ್ಲೇ ಇರುತ್ತದೆ. ಬ್ಯಾಗ್ ಹೊರಗೆ, ಚ್ಯೂಟ್ ಒಳಗೆ, ನಡುವೆ ಬ್ರೈಡಲ್ ಮತ್ತು ದಾರಗಳು ಕುದುರೆ ಲಾಳದ ಆಕಾರದಲ್ಲಿ. ಅದಕ್ಕೇ ಹಾರ್ಸ್‌ಶೂ ಅನ್ನುತ್ತಾರೆ. ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಇರುವ ತೊಂದರೆ ಅದು. ರಿಸರ್ವ್ ಎಳೆದರೆ ಅದೇ ಗೋಜಲಿನ ನಡುವೆ ದಾರಿ ಮಾಡಿಕೊಂಡು ಹೋಗಬೇಕು. ಪೈಲಟ್ ಚ್ಯೂಟೇ ಜಾರಿ ಹೊರಬಂದರೆ ಆ ವೇಗದಲ್ಲಿ ಮೇನ್ ತೆರೆಯುತ್ತದೆ, ಅದೂ ಮೈ ಮುರಿಯುವಂಥದ್ದೇ.

ಪೌಚ್‌ನ ಸ್ಪ್ಯಾಂಡೆಕ್ಸ್ ಹಳತಾದರೆ ಸಡಿಲವಾಗುವುದು ಸಹಜ. ರಿಗ್ಗರ್ ಅದನ್ನು ಬಿಚ್ಚಿ ಹೊಸದು ಹೊಲಿಯುತ್ತಾರೆ. ಅದೇ ಹೊತ್ತಿಗೆ ಲೂಪ್ ಸವೆದಿದೆಯಾ, ಪಿನ್ ಮುಚ್ಚುವ ಫ್ಲ್ಯಾಪ್ ಬಿಗಿಯಾಗಿ ಕೂರುತ್ತದಾ, ಹೆಗಲ ಮೇಲಿನ ರೈಸರ್ (ಮೇನ್‌ನ ದಾರಗಳು ಸೇರುವ ಪಟ್ಟಿ) ಕವರ್ ತಾನಾಗಿ ತೆರೆಯುತ್ತದಾ ನೋಡಿಸಿ.

ಬಟ್ಟೆ: ಎಫ್-111ರಲ್ಲಿ ಗಾಳಿ ಸ್ವಲ್ಪ ನುಸುಳುತ್ತದೆ, ಹಳತಾದಂತೆ ಜಾಸ್ತಿ ನುಸುಳುತ್ತದೆ, ಎಳೆತ ಇಳಿಯುತ್ತದೆ. ಝಡ್‌ಪಿಯಲ್ಲಿ ನುಸುಳುವುದಿಲ್ಲ. ಅದೇ ಕೆಲಸಕ್ಕೆ ಒಂದು ಸೈಜ್ ಚಿಕ್ಕದು ಸಾಕಾಗುತ್ತದೆ, ಬಾಳಿಕೆಯೂ ಹೆಚ್ಚು. ಜಾರುತ್ತದೆ, ಮಡಚಲು ಸ್ವಲ್ಪ ಕಿರಿಕಿರಿ. ನಾನಾದರೆ ಝಡ್‌ಪಿ. ಇಂಚು ಮಾತ್ರ ನೋಡಿ ಕೊಳ್ಳಬೇಡಿ, ಅಳೆಯುವ ರೀತಿ ಕಂಪನಿಯಿಂದ ಕಂಪನಿಗೆ ಬೇರೆ.

ಪ್ರಶ್ನೆ (ಕೋಥ್ರೂಡ್‌ನಿಂದ):
ನಾನು ಕಾಮಶೇತ್‌ನಲ್ಲಿ ಪ್ಯಾರಾಗ್ಲೈಡಿಂಗ್ ಮಾಡುವವನು. ನಮ್ಮ ರಿಸರ್ವ್‌ಗೆ ಪೈಲಟ್ ಚ್ಯೂಟೇ ಇಲ್ಲವಲ್ಲ ರೀ, ಯಾಕೆ?

ಉತ್ತರ:
ಒಳ್ಳೆ ಪ್ರಶ್ನೆ. ನಿಮ್ಮ ವೇಗ ಗಂಟೆಗೆ 38 ಕಿ.ಮೀ. ಅಂದುಕೊಳ್ಳಿ. ನಮ್ಮ 190ರ ಐದನೇ ಒಂದು ಭಾಗ. ಅದೇ ಪುಟ್ಟ ಚ್ಯೂಟ್ ಅಲ್ಲಿ ಇಪ್ಪತ್ತೈದನೇ ಒಂದು ಭಾಗ ಎಳೆಯುತ್ತದೆ. ಅದು ಯಾವುದಕ್ಕೂ ಸಾಲದು. ಅದಕ್ಕೇ ನೀವು ರಿಸರ್ವ್ ಇರುವ ಬ್ಯಾಗನ್ನೇ ಹಿಡಿ ಹಿಡಿದು ದೂರಕ್ಕೆ ಎಸೆಯುತ್ತೀರಿ. ಅಲ್ಲಿ ನಿಮ್ಮ ತೋಳೇ ಪೈಲಟ್ ಚ್ಯೂಟ್.

ನಮ್ಮ ರಿಸರ್ವ್‌ನಲ್ಲಿ ಇರುವುದು ಸ್ಪ್ರಿಂಗ್ ಕೂಡಿಸಿದ ಪೈಲಟ್ ಚ್ಯೂಟ್. ಹಿಡಿ ಎಳೆದರೆ ತಾನೇ ಚಿಮ್ಮುತ್ತದೆ. ಹಿಂದೆ ಮೇನ್‌ಗೂ ಸ್ಪ್ರಿಂಗ್‌ನದೇ ಇತ್ತು. ಬೆನ್ನ ಮೇಲಿನ ಸತ್ತ ಗಾಳಿಯಲ್ಲಿ (ಗಾಳಿಯ ಹರಿವು ತಾಗದ ಜಾಗದಲ್ಲಿ) ಅದು ಕುಣಿಯುತ್ತಾ ಕೂತುಬಿಡುತ್ತಿತ್ತು. 1970ರ ದಶಕದಲ್ಲಿ ಬಿಲ್ ಬೂತ್ ಕೈಯಿಂದ ಎಸೆಯುವ ಪೈಲಟ್ ಚ್ಯೂಟ್ ತಂದರು. ಕಟ್‌ಅವೇಗೆ ಬಳಸುವ ಮೂರು ಉಂಗುರಗಳ ಜೋಡಣೆಯೂ ಅವರದೇ. ರಿಸರ್ವ್‌ಗೆ ಸ್ಪ್ರಿಂಗ್ ಉಳಿದಿದೆ, ಯಾಕೆಂದರೆ ಕೈಯಿಂದ ಎಸೆಯುವ ಸ್ಥಿತಿಯಲ್ಲಿ ನೀವು ಇಲ್ಲದಿರಬಹುದು.

ಪ್ರಶ್ನೆ (ಪಿಂಪ್ರಿಯಿಂದ):
ನಮ್ಮ ಪುಣೆಯ ಶೀತಲ್ ಮಹಾಜನ್ 2004ರಲ್ಲಿ ಉತ್ತರ ಧ್ರುವದ ಮೇಲೆ ಹಾರಿದ್ದನ್ನು ಓದಿ ಆಸೆಯಾಗಿ ದುಬೈನಲ್ಲಿ ಟ್ಯಾಂಡೆಮ್ (ಇನ್‌ಸ್ಟ್ರಕ್ಟರ್‌ಗೆ ಕಟ್ಟಿಕೊಂಡು ಹಾರುವುದು) ಮಾಡಿದೆ. ಹಾರಿದ ತಕ್ಷಣ ಹಿಂದೆ ಒಂದು ಸಣ್ಣ ಛತ್ರಿ ಬಂತು. ಅದೂ ಪೈಲಟ್ ಚ್ಯೂಟಾ?

ಉತ್ತರ:
ಅದು ಡ್ರೋಗ್. ಇಬ್ಬರ ತೂಕ ಒಟ್ಟಿಗೆ ಬಿದ್ದರೆ ವೇಗ ಗಂಟೆಗೆ 280 ಕಿ.ಮೀ. ಮುಟ್ಟುತ್ತದೆ. ಡ್ರೋಗ್ ಅದನ್ನು ಒಬ್ಬರ ವೇಗಕ್ಕೆ, 190ರ ಸುಮಾರಿಗೆ ಇಳಿಸುತ್ತದೆ. ಆಮೇಲೆ ಇನ್‌ಸ್ಟ್ರಕ್ಟರ್ ಹಿಡಿ ಎಳೆದಾಗ ಅದೇ ಡ್ರೋಗ್ ಮೇನನ್ನು ಹೊರಗೆ ಎಳೆಯುತ್ತದೆ. ಹಾಗಾಗಿ ಎರಡೂ ಕೆಲಸ ಅದರದ್ದೇ.

ಪ್ರಶ್ನೆ (ಸದಾಶಿವ ಪೇಟೆಯಿಂದ):
ಲಕ್ಷ್ಮಿ ರಸ್ತೆಯಲ್ಲಿ ನಮ್ಮ ಟೈಲರ್ ಒಬ್ಬರು ಟೆಂಟ್, ಬ್ಯಾಗ್ ಎಲ್ಲಾ ಚೆನ್ನಾಗಿ ಹೊಲಿಯುತ್ತಾರೆ. ಅವರ ಹತ್ತಿರ ಪೈಲಟ್ ಚ್ಯೂಟ್ ಹೊಲಿಸಿದರೆ ಆಗಲ್ವಾ? ಸುಮ್ನೆ ಕೇಳಿದೆ.

ಉತ್ತರ:
ಅವರ ಕೈಕೆಲಸಕ್ಕೆ ನಮಸ್ಕಾರ, ಆದರೆ ಬೇಡ. ದಾರ ಯಾವುದು, ಹೊಲಿಗೆ ಯಾವ ಮಾದರಿ ಎಂಬುದು ಒಂದು ಕಡೆ ಇರಲಿ. ಜಾಲರಿ ಮತ್ತು ಪಟ್ಟಿಗಳ ಉದ್ದ ಒಂದು ಬದಿಗೆ ಸ್ವಲ್ಪ ಹೆಚ್ಚಾದರೂ ಚ್ಯೂಟ್ ಗಾಳಿಯಲ್ಲಿ ನೇರ ನಿಲ್ಲದೆ ಸುತ್ತುತ್ತದೆ, ಬ್ಯಾಗ್ ಕೂಡ ಜೊತೆಗೆ ಸುತ್ತುತ್ತದೆ. ರಿಸರ್ವ್‌ನ ಪೈಲಟ್ ಚ್ಯೂಟನ್ನಂತೂ ನಾನೂ ನನ್ನಿಷ್ಟಕ್ಕೆ ಬದಲಿಸುವ ಹಾಗಿಲ್ಲ. ಆ ಕಂಟೇನರ್‌ಗೆ ಪ್ರಮಾಣಿತವಾಗಿದ್ದನ್ನೇ ಹಾಕಬೇಕು.

ಪ್ರಶ್ನೆ (ಪಣಜಿಯಿಂದ):
ಮೇಡಂ, ನನ್ನ ರಿಗ್ ಮಳೆಗಾಲ ಪೂರ್ತಿ ಕಪಾಟಿನಲ್ಲೇ ಇರುತ್ತದೆ. ಏನು ಜಾಗ್ರತೆ?

ಉತ್ತರ:
ಗೋವಾದ ಮಳೆಗಾಲಕ್ಕೆ ಮೊದಲು ಬಲಿಯಾಗುವುದು ರಬ್ಬರ್ ಬ್ಯಾಂಡ್ ಮತ್ತು ಲೋಹದ ಭಾಗ. ಬ್ಯಾಂಡ್ ಅಂಟಂಟಾಗಿದ್ದರೆ ಎಲ್ಲಾ ಬದಲಿಸಿ. ಪಿನ್ ಮೇಲೆ ತುಕ್ಕಿನ ಚುಕ್ಕೆ ಕಂಡರೆ ಅದು ಲೂಪನ್ನು ಕೊಯ್ಯುತ್ತದೆ. ಕಿಟಕಿಯ ಬಿಸಿಲು ಬೀಳದ ಒಣ ಜಾಗದಲ್ಲಿಡಿ, ಬಿಸಿಲು ನೈಲಾನ್‌ಗೆ ತೇವಕ್ಕಿಂತ ದೊಡ್ಡ ಶತ್ರು. ಕಾರಿನ ಡಿಕ್ಕಿಯಲ್ಲಿ, ಅದರಲ್ಲೂ ಹಳೆ ಬ್ಯಾಟರಿ ಇಟ್ಟಿದ್ದ ಡಿಕ್ಕಿಯಲ್ಲಿ ಬೇಡವೇ ಬೇಡ. ಆಸಿಡ್ ನೈಲಾನನ್ನು ತಿನ್ನುತ್ತದೆ. ಸಮುದ್ರದ ನೀರು ತಾಗಿದ್ದರೆ ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು ನೆರಳಲ್ಲಿ ಒಣಗಿಸಿ, ಆಮೇಲೆ ರಿಗ್ಗರ್‌ಗೆ ತೋರಿಸಿ.

ಪ್ರಶ್ನೆ (ವಾಕಡ್):
ಅಕ್ಕ, ಈಗ ಕಿಲ್ ಲೈನ್ ಎಳೆದು ನೋಡಿದೆ. ಬ್ರೈಡಲ್ ಸಡಿಲ ಇರುವಾಗಲೇ ಒಳಗಿನ ದಾರ ಬಿಗಿಯಾಯಿತು. ಚಾರ್ಟ್‌ನಲ್ಲೂ 170 ಇಲ್ಲ.

ಉತ್ತರ:
ಅಂದರೆ ಎರಡೂ ಸೇರಿವೆ. ದಾರ ಬದಲಿಸಿಕೊಡುತ್ತೇನೆ, ಆದರೆ ಅದೊಂದನ್ನೇ ಸರಿ ಮಾಡಿಸಿ ಹಾರುವ ಹಾಗಿಲ್ಲ. ಈ ಕಂಟೇನರ್ ಮಾರುವುದಾದರೆ 150ಕ್ಕೆ ಮಾಡಿದ್ದು ಅಂತ ಸ್ಪಷ್ಟವಾಗಿ ಬರೆದು ಮಾರಿ. ಹೊಸದಕ್ಕೆ ಮುಂಗಡ ಕೊಡುವ ಮೊದಲು ಅದರ ಮಾಡೆಲ್, ತಯಾರಾದ ವರ್ಷ, ಸೈಜ್ ಕೋಡ್ ನನಗೆ ಕಳಿಸಿ.